ಮೋತಿಯ ಸೂಜಿ

ನಮ್ಮ ಮನೆಗೆ ನಾಯಿ ಬಂದದ್ದು ನನ್ನ ಒಪ್ಪಿಗೆಯಿಂದಲ್ಲ. 2021ರ ಶ್ರಾವಣದ ದಿನಗಳವು. ಕೊರೋನಾದ ದೆಸೆಯಿಂದ ನಮ್ಮ ಪ್ರಾಥಮಿಕ ಶಾಲೆಯಲ್ಲಿ ಇನ್ನೂ ಮಕ್ಕಳ ದನಿ ಕೇಳಿರಲಿಲ್ಲ. ಹೊಲಕ್ಕೆ ಹೋಗಿದ್ದ ನಮ್ಮ ಮನೆಯವರು ಸಂಜೆ ಬರುವಾಗ ಟವೆಲಿನಲ್ಲಿ ಏನನ್ನೋ ಸುತ್ತಿಕೊಂಡು ಬಂದರು. ಹೀರೆಕಾಯಿಯೋ ಸೌತೆಕಾಯಿಯೋ ಇರಬೇಕೆಂದು ನಾನು ಬುಟ್ಟಿ ಹಿಡಿದು ಎದುರು ಹೋದರೆ, ಟವೆಲಿನೊಳಗಿಂದ ಎರಡು ಕಣ್ಣುಗಳು ನನ್ನನ್ನು ನೋಡಿದವು.

"ಹದಿನೈದ ದಿನ ಇರ್ಲಿ, ಆಮ್ಯಾಲ ಯಾರಿಗರ ಕೊಡಮು" ಎಂದರು ಅವರು.

ಆ ಹದಿನೈದು ದಿನ ಇನ್ನೂ ಮುಗಿದಿಲ್ಲ. ಮರಿಗೆ ಮೋತಿ ಎಂದು ಹೆಸರಿಟ್ಟದ್ದು ಪಕ್ಕದ ಮನೆಯ ಕಾಕಿಯ ಮೊಮ್ಮಗಳು. ಅವಳಿಗೆ ಆಗ ನಾಲ್ಕು ವರ್ಷ. ಅವಳು ತಿನ್ನುವ ರೊಟ್ಟಿಯಲ್ಲಿ ಅರ್ಧ ಮೋತಿಗೆ, ಮೋತಿ ಮಲಗುವ ಗೋಣಿಚೀಲದಲ್ಲಿ ಅರ್ಧ ಅವಳಿಗೆ. ನಾನು ಮಾತ್ರ ಬಹಳ ದಿನ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಅದು ಪಡಸಾಲೆಯ ಹೊಸ್ತಿಲಿನ ಆಚೆಗೆ, ನಾನು ಈಚೆಗೆ.

ಮರಿಗೆ ಮೂರು ತಿಂಗಳಾದಾಗ ರೇಬಿಸ್ ಸೂಜಿ ಹಾಕಿಸಬೇಕೆಂದು ಹಟ ಹಿಡಿದವಳು ನಾನೇ. ಪಕ್ಕದ ಮನೆಯ ಕೂಸು ಅದರ ಬಾಯಲ್ಲಿ ಕೈ ಇಟ್ಟು ಆಡುವಾಗ ನಮಗೊಂದು ಜವಾಬ್ದಾರಿ ಇದೆಯಲ್ಲ. ನಮ್ಮ ಐನಾಪುರದಿಂದ ದನದ ದವಾಖಾನೆಗೆ ಹೋಗಿ ಸೂಜಿ ಮಾಡಿಸಿಕೊಂಡು ಬಂದೆವು. ವೈದ್ಯರು, "ಅರ್ಧ ತಾಸು ಇಲ್ಲೇ ಕೂತು ಹೋಗ್ರಿ. ಇವತ್ತು ನಾಳೆ ಸ್ವಲ್ಪ ಮಂಕಾಗಬಹುದು, ಅಂಜಬ್ಯಾಡ್ರಿ" ಎಂದರು. ಅರ್ಧ ತಾಸು ಕೂತೆವು. ಏನೂ ಆಗಲಿಲ್ಲ.

ಆದರೆ ರಾತ್ರಿಯಾಗುವ ಹೊತ್ತಿಗೆ ಮೋತಿ ರೊಟ್ಟಿ ಮುಟ್ಟಲಿಲ್ಲ. ಅಂಗಳದ ಮೂಲೆಯ ಫರ್ಶಿಯ ಮೇಲೆ ಹೊಟ್ಟೆ ಹಚ್ಚಿ ಮಲಗಿತು. ಸೂಜಿ ಚುಚ್ಚಿದ ಕಡೆ ಮುಟ್ಟಿದರೆ ಕುಂಯ್ ಎನ್ನುತ್ತಿತ್ತು. ಕಿವಿ ಮುಟ್ಟಿ ನೋಡಿದೆ, ಬಿಸಿಯಾಗಿತ್ತು. ನನಗೆ ನನ್ನ ಮಗ ಚಿಕ್ಕವನಿದ್ದಾಗ ಟ್ರಿಪಲ್ ಸೂಜಿ ಹಾಕಿಸಿದ ರಾತ್ರಿಗಳು ನೆನಪಾದವು. ತೊಡೆ ಕೆಂಪಾಗಿ, ಮೈ ಕಾದು, ರಾತ್ರಿಯಿಡೀ ಹೆಗಲ ಮೇಲೆ ಹಾಕಿಕೊಂಡು ತಿರುಗಾಡಿದ ರಾತ್ರಿಗಳು. ಅದೇ ರೂಢಿಯಲ್ಲಿ ನಾನು ಜ್ವರದ ಗುಳಿಗೆ ತೆಗೆದು, ಅರ್ಧ ಮುರಿದು, ಬೆಲ್ಲದಲ್ಲಿ ಇಟ್ಟು ತಿನ್ನಿಸಲು ಹೊರಟೆ. ಪುಣ್ಯಕ್ಕೆ ಮನೆಯವರು, "ಒಂದ ಮಾತ ಫೋನ್ ಮಾಡಿ ಕೇಳಮು" ಎಂದರು.

"ಮೇಡಂ, ಮನುಷ್ಯರ ಗುಳಿಗಿ ಕೊಡಬ್ಯಾಡ್ರಿ" ಎಂದು ವೈದ್ಯರು ಗಾಬರಿಯಿಂದಲೇ ಹೇಳಿದರು. ಪ್ಯಾರಾಸಿಟಮಾಲ್ ಬೆಕ್ಕಿಗಂತೂ ವಿಷ. ಒಂದು ಗುಳಿಗೆಯೇ ಅದರ ಜೀವಕ್ಕೆ ಎರವಾಗಬಹುದು. ನಾಯಿಗೂ ಲೆಕ್ಕ ತಪ್ಪಿದರೆ ಪಿತ್ತಜನಕಾಂಗ ಕೆಡುತ್ತದೆ. ನೀರು ಹತ್ತಿರ ಇಡಿ, ಆಡಿಸಬೇಡಿ, ಸೂಜಿಯ ಜಾಗವನ್ನು ತಿಕ್ಕಬೇಡಿ, ತಾನಾಗಿ ಎದ್ದು ತಿನ್ನುತ್ತದೆ ಎಂದರು. ಸೂಜಿ ಹಾಕಿದ ಮೇಲೆ ಮೈಯೊಳಗಿನ ಸೈನ್ಯ ಕವಾಯತು ಮಾಡುತ್ತದಂತೆ. ಆ ಕವಾಯತಿನ ಧೂಳೇ ಈ ಜ್ವರ, ಈ ಮಂಕು. ಒಂದು ದಿನ, ಹೆಚ್ಚೆಂದರೆ ಎರಡು ದಿನ. ಚುಚ್ಚಿದ ಜಾಗದಲ್ಲಿ ಸಣ್ಣ ಗಂಟು ಬಂದರೆ ಕೆಲವು ವಾರಗಳಲ್ಲಿ ಕರಗುತ್ತದೆ. ಬೆಳೆಯುತ್ತಾ ಹೋದರೆ ಅಥವಾ ಮೂರು ತಿಂಗಳಾದರೂ ಉಳಿದರೆ ತೋರಿಸಬೇಕು.

ಮರುದಿನ ಸಂಜೆ ಮೋತಿ ಎದ್ದು ನನ್ನ ಚಪ್ಪಲಿ ಕಚ್ಚಿಕೊಂಡು ಓಡಿತು. ಆ ಚಪ್ಪಲಿಗೆ ನಾನು ಬೈಯಲಿಲ್ಲ. ಆ ರಾತ್ರಿಯಿಂದಲೇ ಅದು ಹೊಸ್ತಿಲಿನ ಈಚೆಗೆ ಬಂದದ್ದು.

ಇಲ್ಲಿಯವರೆಗಿನ ಕಥೆ ನಾಯಿ ಸಾಕಿದವರೆಲ್ಲರ ಮನೆಯದು. ಮುಂದಿನದನ್ನು ಹೇಳಬೇಕೆಂದೇ ಬರೆಯಲು ಕೂತೆ.

ಮರುವರ್ಷ, 2022ರ ಅಕ್ಟೋಬರಿನಲ್ಲಿ, ಮತ್ತೆ ಸೂಜಿಯ ದಿನ ಬಂತು. ಈ ಸಲ ಕಲಬುರಗಿಯಲ್ಲಿರುವ ಮಗ ಡಿಸ್ಟೆಂಪರ್, ಪಾರ್ವೊ ಮೊದಲಾದ ರೋಗಗಳೆಲ್ಲ ಸೇರಿದ ಇನ್ನೊಂದು ಲಸಿಕೆಯನ್ನು ಕೊಂಡು, ಥರ್ಮಾಸಿನಲ್ಲಿ ಐಸು ತುಂಬಿ, ಅದರಲ್ಲಿಟ್ಟು ತಂದಿದ್ದ. ಲಸಿಕೆ ಬೆಚ್ಚಗಾದರೆ ಕೆಡುತ್ತದೆ. ಎರಡರಿಂದ ಎಂಟು ಡಿಗ್ರಿಯೊಳಗೇ ಇರಬೇಕು. ಎರಡೂ ಒಂದೇ ದಿನ ಮುಗಿಸಿದರೆ ನನಗೆ ಇನ್ನೊಂದು ರಜೆ ಉಳಿಯುತ್ತದೆ ಎಂಬ ಲೆಕ್ಕ ನನ್ನದು. ವೈದ್ಯರು ಎಂದಿನಂತೆ ಅರ್ಧ ತಾಸು ಕೂಡಲು ಹೇಳಿದರು. ನಾನು ಗಡಿಯಾರ ನೋಡಿದೆ. ಮಧ್ಯಾಹ್ನದ ನಂತರ ಶಾಲೆಯಲ್ಲಿ ಸಭೆ ಇತ್ತು. ಹೋದ ವರ್ಷ ಏನೂ ಆಗಿರಲಿಲ್ಲವಲ್ಲ ಎಂದುಕೊಂಡು ಆಟೋ ಹತ್ತಿಸಿದೆ.

ದಾರಿಯಲ್ಲಿ ಮೋತಿ ಮುಂಗಾಲಿನಿಂದ ಮುಖ ಉಜ್ಜಿಕೊಳ್ಳತೊಡಗಿತು. ನೊಣ ಇರಬೇಕೆಂದುಕೊಂಡೆ. ಸ್ವಲ್ಪ ಹೊತ್ತಿಗೆ ತಲೆ ಎತ್ತಿ ನನ್ನ ಕಡೆ ನೋಡಿತು. ನೋಡಿತು ಎಂದೆ, ಆದರೆ ಕಣ್ಣೇ ಕಾಣುತ್ತಿರಲಿಲ್ಲ. ರೆಪ್ಪೆಗಳು ಊದಿ ಮುಚ್ಚಿಕೊಂಡಿದ್ದವು. ತುಟಿ ದಪ್ಪಗಾಗಿ ಜೋತುಬಿದ್ದಿತ್ತು. ಮೈಮೇಲೆ ಕೈಯಾಡಿಸಿದರೆ ಕೂದಲ ಕೆಳಗೆ ಗುಳ್ಳೆ ಗುಳ್ಳೆ. ಆಟೋದಲ್ಲೇ ವಾಂತಿ ಮಾಡಿತು. ನಾನು ಆಟೋದವನಿಗೆ ತಿರುಗಿಸಪ್ಪಾ ಎಂದು ಕೂಗಿದೆ. ಆ ದಾರಿ ಹೋಗುವಾಗ ಇದ್ದುದಕ್ಕಿಂತ ಎರಡರಷ್ಟು ಉದ್ದವಾಗಿತ್ತು. "ಅವನು ಉಸಿರಾಡಲತ್ತಾನ? ಅವನು ಉಸಿರಾಡಲತ್ತಾನ?" ಎಂದು ನಾನು ನನ್ನನ್ನೇ ಕೇಳಿಕೊಳ್ಳುತ್ತಿದ್ದೆನಂತೆ. ಆಟೋದವನು ಆಮೇಲೆ ಹೇಳಿದ. ಅಲ್ಲಿಯವರೆಗೆ 'ಅದು' ಆಗಿದ್ದ ಮೋತಿ ಅಂದಿನಿಂದ 'ಅವನು' ಆದ.

ವೈದ್ಯರು ನೋಡಿದ ಕೂಡಲೇ ಸೂಜಿ ಕೊಟ್ಟರು. ಮೈ ಲಸಿಕೆಯನ್ನು ಶತ್ರುವೆಂದು ತಿಳಿದು ಅತಿಯಾಗಿ ಸಿಡಿದೇಳುವುದು ಇದು, ಅಲರ್ಜಿ ಎಂದರು. ಒಸಡು ಬೆಳ್ಳಗಾಗಿದೆಯೇ ಎಂದು ತುಟಿ ಎತ್ತಿ ನೋಡಿದರು. ಒಸಡು ಬಿಳಿಚಿ, ಕಾಲು ಸೋತು ಬಿದ್ದರೆ ಅದು ಜೀವಕ್ಕೆ ಅಪಾಯ. ಆಗ ನಿಮಿಷಗಳ ಲೆಕ್ಕವಂತೆ. ಮೋತಿ ಅಲ್ಲಿಗೆ ಹೋಗಿರಲಿಲ್ಲ. ಎರಡು ತಾಸಿನಲ್ಲಿ ಒಂದು ಕಣ್ಣು ತೆರೆಯಿತು, ಸಂಜೆಗೆ ಇನ್ನೊಂದು. ವೈದ್ಯರು ನನಗೆ ಒಂದು ಮಾತೂ ಅನ್ನಲಿಲ್ಲ. ಗೋಡೆಯ ಗಡಿಯಾರವನ್ನು ಮಾತ್ರ ಒಮ್ಮೆ ನೋಡಿದರು. ಮಕ್ಕಳಿಗೆ ಇಪ್ಪತ್ತೈದು ವರ್ಷ ಬೈದವಳಿಗೆ ಆ ನೋಟ ಸಾಕಾಗಿತ್ತು.

"ಇನ್ನ ಇವನಿಗಿ ಸೂಜಿ ಬ್ಯಾಡ" ಎಂದು ಅಂದೇ ನಿಶ್ಚಯಿಸಿದೆ.

ಕಾಕಿ ನನ್ನ ಪಕ್ಷ ವಹಿಸಿದಳು. ಆ ವರ್ಷ ನಮ್ಮ ರಾಜ್ಯದಲ್ಲೆಲ್ಲ ದನಗಳಿಗೆ ಚರ್ಮಗಂಟು ರೋಗ ಬಂದಿತ್ತು. ಮೇಕೆಯ ಸಿಡುಬಿಗೆಂದು ಮಾಡಿದ ಲಸಿಕೆಯನ್ನೇ ದನಗಳಿಗೂ ಹಾಕುತ್ತಿದ್ದರು. "ಸೂಜಿ ಮಾಡಿಸಿದ ದಿನ ನಮ್ಮ ಆಕಳ ಹಾಲು ಇಳೀತು, ಯವ್ವಾ. ಈ ಸೂಜಿಗೋಳ ಸಹವಾಸನೇ ಬ್ಯಾಡ" ಎಂದಳು ಕಾಕಿ. ನಾಲ್ಕು ದಿನಕ್ಕೆ ಹಾಲು ಮೊದಲಿನಂತಾದದ್ದನ್ನೂ, ಆಕಳು ರೋಗ ಬರದೆ ಉಳಿದದ್ದನ್ನೂ ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ. ನಮಗೆ ಬೇಕಾದ ಸಾಕ್ಷಿಯನ್ನು ಮಾತ್ರ ಕರೆಯುವ ನ್ಯಾಯಾಧೀಶರು ನಾವು. 2023ರ ಅಕ್ಟೋಬರ್ ಬಂದು ಹೋಯಿತು. ನಾನು ಕ್ಯಾಲೆಂಡರ್ ಕಡೆ ನೋಡಲಿಲ್ಲ.

2024ರ ಜನವರಿ 11ರಂದು ಎಳ್ಳಮಾಸಿ. ನಮ್ಮ ಕಡೆ ಅದು ದೊಡ್ಡ ಹಬ್ಬ. ಸಜ್ಜೆಯ ರೊಟ್ಟಿ, ಭಜ್ಜಿ, ಕಡುಬು ಕಟ್ಟಿಕೊಂಡು ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಭೂಮಿತಾಯಿಗೆ ಚರಗ ಚೆಲ್ಲಿ, ಉಂಡು, ಮಕ್ಕಳು ಜೋಕಾಲಿ ಆಡಿ, ಬಿಸಿಲು ಇಳಿದ ಮೇಲೆ ಮನೆಗೆ ಬರುವುದು. ಹಾಗೆ ಬರುವಾಗ ಊರ ಅಗಸಿಯ ಹತ್ತಿರ ಒಂದು ಕಂದು ಬಣ್ಣದ ಬೀದಿನಾಯಿ ಮೋತಿಯ ಮೇಲೆ ಎಗರಿತು. ಮನೆಯವರು ಕೋಲು ಬೀಸಿ ಬಿಡಿಸುವಷ್ಟರಲ್ಲಿ ಮೋತಿಯ ಭುಜದಲ್ಲಿ ಎರಡು ಹಲ್ಲು ಇಳಿದಿದ್ದವು. ಕಾಕಿಯ ಮೊಮ್ಮಗಳು "ಮೋತೀ" ಎಂದು ಅಳುತ್ತಾ ಅವನನ್ನು ತಬ್ಬಿಕೊಳ್ಳಲು ಓಡಿದಳು. ನಾನು ಅವಳ ರಟ್ಟೆ ಹಿಡಿದು ಎಳೆದೆ. ಜೋರಾಗಿ ಎಳೆದೆನೆಂದು ಕಾಣುತ್ತದೆ. ಹುಡುಗಿ ಕಣ್ಣು ಬಿಟ್ಟು ನನ್ನನ್ನೇ ನೋಡಿದಳು.

ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ಗಾಯ ತೊಳೆದೆವು. ಶಾಲೆಯಲ್ಲಿ ಮಕ್ಕಳಿಗೆ ಇದನ್ನು ಹೇಳಿಕೊಟ್ಟಿದ್ದೆ. ತೊಳೆಯುತ್ತಿದ್ದಂತೆ ಮನಸ್ಸಿನಲ್ಲಿ ಲೆಕ್ಕ ಓಡುತ್ತಿತ್ತು: ಒಂದು ವರ್ಷ ಮೂರು ತಿಂಗಳು.

ಆ ರಾತ್ರಿ ನಿದ್ದೆ ಬರಲಿಲ್ಲ. 1977ರ ಒಂದು ಗೋಡೆ ಕಣ್ಣ ಮುಂದೆ ಬಂತು.

ಆಗ ನನಗೆ ಎಂಟು ವರ್ಷ, ತಮ್ಮನಿಗೆ ಆರು. ಓಣಿಗೆ ನುಗ್ಗಿದ ಹುಚ್ಚುನಾಯಿ ತಮ್ಮನ ಮೀನಗಂಡಕ್ಕೆ ಕಚ್ಚಿತು. ಅದೇ ದಿನ ಕುರಿ ಕಾಯುವ ಒಬ್ಬ ಹುಡುಗನನ್ನೂ ಕಚ್ಚಿತು. ಅಪ್ಪ ತಮ್ಮನನ್ನು ಗುಲಬರ್ಗಾಕ್ಕೆ ಕರೆದೊಯ್ದರು. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ, ದಿನಕ್ಕೊಂದರಂತೆ. ಅಲ್ಲಿ ನೆಂಟರ ಮನೆಯಲ್ಲಿ ಉಳಿದಿದ್ದೆವು. ಅವ್ವ ದಿನವೂ ಬಂದ ಮೇಲೆ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೀಟು ಎಳೆಯುತ್ತಿದ್ದಳು. ಐದನೆಯ ಗೀಟಿನ ಹೊತ್ತಿಗೆ ತಮ್ಮನ ಹೊಟ್ಟೆ ಊದಿ, ಕೆಂಪಾಗಿ, ಚಡ್ಡಿಯ ಲಾಡಿ ಕಟ್ಟಲು ಬರುತ್ತಿರಲಿಲ್ಲ. ದವಾಖಾನೆಯ ಬಾಗಿಲು ಕಂಡರೆ ಸಾಕು ಕಂಬ ತಬ್ಬಿಕೊಳ್ಳುತ್ತಿದ್ದ. ಕುರಿಯ ಮಿದುಳಿನಿಂದ ಮಾಡುತ್ತಿದ್ದ ಆ ಲಸಿಕೆಯನ್ನು 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬ ವೈದ್ಯರು ಸಿದ್ಧಪಡಿಸಿದ್ದರು ಎಂಬುದನ್ನೂ, ಅದರಿಂದ ಕೆಲವರಿಗೆ ಕೈಕಾಲು ಸೋಲುತ್ತಿದ್ದವು ಎಂಬುದನ್ನೂ ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ. 2005ರ ಹೊತ್ತಿಗೆ ನಮ್ಮ ದೇಶ ಅದನ್ನು ಪೂರ್ತಿ ಕೈಬಿಟ್ಟಿತು. ಈಗ ಮನುಷ್ಯರಿಗೆ ತೋಳಿನಲ್ಲಿ ಹಾಕುವ ಕೆಲವೇ ಸೂಜಿ, ಹೊಟ್ಟೆಗೆ ಚುಚ್ಚುವುದಿಲ್ಲ.

ಕುರಿ ಕಾಯುವ ಹುಡುಗನ ಮನೆಯವರು ತಮ್ಮನ ಹೊಟ್ಟೆಯ ಸುದ್ದಿ ಕೇಳಿದರು. ಆ ಯಾತನೆ ತಮ್ಮ ಹುಡುಗನಿಗೆ ಬೇಡವೆಂದು ನಾಟಿ ಔಷಧ ಕುಡಿಸಿದರು. ಅವರು ಮಗನ ಮೇಲಿನ ಮಾಯೆಯಿಂದಲೇ ಹಾಗೆ ಮಾಡಿದ್ದು. ಎರಡು ತಿಂಗಳಿಗೆ ಆ ಹುಡುಗ ನೀರು ಕಂಡರೆ ಗಂಟಲು ಹಿಡಿದುಕೊಳ್ಳತೊಡಗಿದ. ಮೂರು ದಿನ. ಅವರ ಮನೆಯ ಬಾಗಿಲ ಮುಂದೆ ಹೋಗದಂತೆ ನಮಗೆ ಹೇಳಿದ್ದರು. ಹೋಗದಿದ್ದರೂ ಕೇಳಿಸುತ್ತಿತ್ತು. ತಮ್ಮನಿಗೆ ಈಗ ಮೊಮ್ಮಗ ಹುಟ್ಟಿದ್ದಾನೆ.

ಲೂಯಿ ಪಾಶ್ಚರ್ 1885ರ ಜುಲೈ 6ರಂದು ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಮೊದಲ ಸಲ ಈ ಲಸಿಕೆ ಕೊಡಿಸಿದ ಪಾಠವನ್ನು ನಾನು ಎಷ್ಟು ವರ್ಷ ಮಾಡಿದ್ದೇನೋ. ಆ ಹುಡುಗನ ತಾಯಿ ಮಗನನ್ನು ಕರೆದುಕೊಂಡು ಊರು ಬಿಟ್ಟು ಪ್ಯಾರಿಸಿಗೆ ಬಂದಿದ್ದಳು ಎಂದು ಹೇಳಿ ಮುಂದಿನ ಸಾಲಿಗೆ ಹೋಗುತ್ತಿದ್ದೆ. ಅವಳ ಎದೆ ಆ ದಿನ ಹೇಗಿದ್ದಿರಬೇಕು ಎಂದು ಒಮ್ಮೆಯೂ ನಿಂತು ಯೋಚಿಸಿರಲಿಲ್ಲ.

ಬೆಳಗಾಗುತ್ತಲೇ ದವಾಖಾನೆಗೆ ಹೋದೆವು. ಹೋದ ವರ್ಷ ಏಕೆ ಬರಲಿಲ್ಲವೆಂದು ವೈದ್ಯರು ಕೇಳಿದರು. "ಅಂಜಿಕಿ ಬಂತ್ರಿ" ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಅಂಜಿದ್ದು ತಪ್ಪಲ್ಲ ಮೇಡಂ. ಬಂದು ಕೇಳಲಿಲ್ಲ ನೋಡ್ರಿ, ಅದು ತಪ್ಪು" ಎಂದರು. ಆಮೇಲೆ ಕೂರಿಸಿಕೊಂಡು ವಿವರಿಸಿದರು. ಅಮೆರಿಕದಲ್ಲಿ 2002-03ರಲ್ಲಿ ಲಸಿಕೆ ಹಾಕಿಸಿಕೊಂಡ ಹನ್ನೆರಡು ಲಕ್ಷಕ್ಕೂ ಹೆಚ್ಚು ನಾಯಿಗಳ ದಾಖಲೆ ನೋಡಿದಾಗ, ಮೂರು ದಿನಗಳೊಳಗೆ ಏನಾದರೂ ತೊಂದರೆ ಕಂಡದ್ದು ಹತ್ತು ಸಾವಿರಕ್ಕೆ ಸುಮಾರು 38 ನಾಯಿಗಳಲ್ಲಿ. ಸಣ್ಣ ಗಾತ್ರದ ನಾಯಿಗಳಲ್ಲಿ ಹೆಚ್ಚು. ಒಂದೇ ದಿನ ಹಾಕುವ ಲಸಿಕೆಗಳ ಸಂಖ್ಯೆ ಏರಿದಂತೆ ಇನ್ನೂ ಹೆಚ್ಚು. ಮೋತಿ ಹತ್ತು ಕಿಲೋ ತೂಗುವುದಿಲ್ಲ. ನಾನು ರಜೆ ಉಳಿಸಲೆಂದು ಎರಡನ್ನೂ ಒಂದೇ ದಿನ ಹಾಕಿಸಿದ್ದೆ. ಆ 38ರಲ್ಲಿ ಒಬ್ಬನಾಗಲು ನಮ್ಮವನಿಗೆ ಎಲ್ಲ ಅರ್ಹತೆಯೂ ಇತ್ತು.

"ಒಮ್ಮೆ ಹಿಂಗಾದವರಿಗೆ ಸೂಜಿನೇ ಇಲ್ಲ ಅಂತಲ್ಲ. ತಯಾರಿ ಮಾಡಿಕೊಂಡು ಹಾಕೋದು" ಎಂದರು. ಮೊದಲು ಅಲರ್ಜಿ ತಡೆಯುವ ಔಷಧ ಕೊಟ್ಟರು. ರೇಬಿಸ್ ಒಂದನ್ನೇ ಹಾಕಿದರು. ಉಳಿದದ್ದನ್ನು ಕೆಲವು ವಾರ ಬಿಟ್ಟು, ಬೇಕೇ ಎಂದು ನೋಡಿ, ಬೇರೆಯಾಗಿ. ತುರ್ತಿಗೆ ಬೇಕಾದ ಔಷಧವನ್ನು ಸಿರಿಂಜಿನ ಪಕ್ಕದಲ್ಲೇ ತೆಗೆದಿಟ್ಟುಕೊಂಡರು. ಅದಕ್ಕೆಂದೇ ಬೆಳಿಗ್ಗೆ ಹಾಕಿಸಬೇಕಂತೆ. ಸಂಜೆ ಹಾಕಿಸಿದರೆ ರಾತ್ರಿ ಏನಾದರೂ ಆದಾಗ ಬಾಗಿಲು ತಟ್ಟಲು ಯಾರಿರುತ್ತಾರೆ? ಮೋತಿಯ ಲಸಿಕೆ ಪುಸ್ತಕದ ಮೊದಲ ಪುಟದಲ್ಲಿ ನಾನೇ ಕೆಂಪು ಶಾಯಿಯಲ್ಲಿ ಬರೆದೆ: ಯಾವ ದಿನ, ಯಾವ ಲಸಿಕೆ, ಎಷ್ಟು ಹೊತ್ತಿಗೆ ಮುಖ ಊದಿತು. ಬೇರೆ ವೈದ್ಯರ ಕೈಗೆ ಹೋದರೂ ಮೊದಲು ಅದೇ ಕಣ್ಣಿಗೆ ಬೀಳಬೇಕು.

ಆ ದಿನ ದವಾಖಾನೆಯ ಬೆಂಚಿನ ಮೇಲೆ ಪೂರ್ತಿ ಎರಡು ತಾಸು ಕೂತೆವು. ಹತ್ತು ನಿಮಿಷಕ್ಕೊಮ್ಮೆ ತುಟಿ ಎತ್ತಿ ಒಸಡು ನೋಡಿದೆ. ಕೊನೆಗೆ ಬೇಸತ್ತು ಮೋತಿ ಗುರ್ ಎಂದ. ಬಿಟ್ಟೆ.

ಇನ್ನೊಂದು ಕೆಲಸ ಉಳಿದಿತ್ತು. ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸಬೇಕು. ಕಚ್ಚಿದ ಹೊತ್ತಿಗೆ ಅದರ ಜೊಲ್ಲಿನಲ್ಲಿ ರೋಗ ಇದ್ದರೆ ಹತ್ತು ದಿನದೊಳಗೆ ಅದೇ ಸಾಯುತ್ತದೆ. ಬದುಕಿದ್ದರೆ ನಾವು ಗೆದ್ದಂತೆ. ಹೀಗಾಗಿ ಐವತ್ತು ದಾಟಿದ ನಾನು ದಿನವೂ ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಕೈಯಲ್ಲಿ ರೊಟ್ಟಿ ಹಿಡಿದು ಅಗಸಿಯ ಕಡೆ ಆ ಕಂದು ನಾಯಿಯನ್ನು ಹುಡುಕುತ್ತಾ ಹೋಗತೊಡಗಿದೆ. ದೂರದಿಂದಲೇ ರೊಟ್ಟಿ ಎಸೆದು, ಅದು ನೆಟ್ಟಗೆ ನಡೆಯುತ್ತದೆಯೋ, ನುಂಗುತ್ತದೆಯೋ ಎಂದು ನೋಡಿ ಬರುವುದು. ಕಟ್ಟೆಯ ಮೇಲೆ ಕೂತವರು, "ಟೀಚರಿಗಿ ಏನಾಗ್ಯಾದ, ಕಚ್ಚಿದ ನಾಯಿಗಿ ಉಣಿಸಲತ್ತಾರ" ಎಂದು ನಕ್ಕರು. ಐದನೆಯ ದಿನ ಅದು ಕಾಣಲಿಲ್ಲ. ಅಂದು ತರಗತಿಯಲ್ಲಿ ಏನು ಪಾಠ ಮಾಡಿದೆನೋ ನನಗೆ ತಿಳಿಯದು. ಸಂಜೆ ಹೋದರೆ ತೊಗರಿಯ ಹೊಟ್ಟಿನ ಗುಡ್ಡೆಯ ಮೇಲೆ ಬಿಸಿಲು ಕಾಯಿಸುತ್ತಾ ಮಲಗಿತ್ತು. ಅದನ್ನು ಕಂಡು ನನ್ನ ಕಣ್ಣಲ್ಲಿ ನೀರು ಬಂತೆಂದರೆ ನೀವು ನಂಬಬೇಕು. ಹತ್ತನೆಯ ದಿನ ಎರಡು ರೊಟ್ಟಿ ಹಾಕಿದೆ.

ಅಂದು ಮನೆಗೆ ಬರುವಾಗ ಒಬ್ಬ ತಾಯಿಯ ನೆನಪಾಯಿತು. 2017ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯದಲ್ಲಿ ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದವರೆಗಿನ ಮಕ್ಕಳಿಗೆಲ್ಲ ದಡಾರ-ರುಬೆಲ್ಲಾ ಲಸಿಕೆ ಹಾಕಿದರಲ್ಲ, ಆಗ ಶಾಲೆಯ ಬಾಗಿಲಲ್ಲಿ ಮಗಳ ಕೈ ಹಿಡಿದು ನಿಂತಿದ್ದಳು ಆ ತಾಯಿ. "ಟೀಚರ್, ನನ್ನ ಕೂಸಿಗಿ ಏನಾರ ಆದ್ರ?" ಎಂದು ಕೇಳಿದ್ದಳು. "ಏನೂ ಆಗೂದಿಲ್ಲ, ಸುಮ್ಮನ ಒಳಗ ಕಳಸು" ಎಂದು ನಾನು ಗದರಿದ್ದೆ. ಲಸಿಕೆಯ ವಿಷಯದಲ್ಲಿ ನಾನು ಹೇಳಿದ್ದು ತಪ್ಪಲ್ಲ. ಅವಳ ಮಗಳಿಗೆ ಏನೂ ಆಗಲಿಲ್ಲ. ಆದರೆ ಅವಳು ಕೇಳಿದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಏನಾದರೂ ಆದರೆ ಏನು ಮಾಡುತ್ತೀರಿ ಎಂದು ಅವಳು ಕೇಳಿದ್ದಳು. ಏನಾದರೂ ಆದರೆ ನಾವಿಲ್ಲೇ ಇದ್ದೇವೆ, ಅರ್ಧ ತಾಸು ನಿನ್ನ ಜೊತೆ ಕೂಡುತ್ತೇವೆ, ಔಷಧ ಇಲ್ಲಿದೆ, ನೋಡು ಎಂದಿದ್ದರೆ ಸಾಕಿತ್ತು.

ಈಗ ನಮ್ಮ ಶಾಲೆಯಲ್ಲಿ ಹತ್ತು ವರ್ಷದ ಮಕ್ಕಳಿಗೆ ಟಿಡಿ ಸೂಜಿ ಹಾಕುವ ದಿನ ನಾನು ಬಾಗಿಲಲ್ಲಿ ನಿಲ್ಲುವುದಿಲ್ಲ. ಸೂಜಿ ಆದ ಮಕ್ಕಳನ್ನು ಬೇವಿನ ಮರದ ಕೆಳಗೆ ಸಾಲಾಗಿ ಕೂರಿಸಿ, ಅವರ ತಾಯಂದಿರ ಜೊತೆ ನಾನೂ ಕೂಡುತ್ತೇನೆ. ರಾತ್ರಿ ಜ್ವರ ಬಂದೀತು, ತೋಳು ನೋಯ್ದೀತು ಎಂದು ಮೊದಲೇ ಹೇಳುತ್ತೇನೆ. ಮೊದಲೇ ಹೇಳಿದ ಜ್ವರಕ್ಕೆ ಯಾರೂ ಅಂಜುವುದಿಲ್ಲ ಎಂಬುದನ್ನು ಕಂಡಿದ್ದೇನೆ.

2025ರ ಜನವರಿಯಲ್ಲಿ ಮೋತಿಗೆ ಮತ್ತೆ ಸೂಜಿಯಾಯಿತು. ಅದೇ ತಯಾರಿ, ಅದೇ ಬೆಂಚು. ಮುಖ ಊದಲಿಲ್ಲ. ಒಂದು ದಿನ ಫರ್ಶಿಯ ಮೇಲೆ ಹೊಟ್ಟೆ ಹಚ್ಚಿ ಮಲಗಿದ. ಕಾಕಿಯ ಮೊಮ್ಮಗಳು ಈಗ ಶಾಲೆಗೆ ಬರುತ್ತಾಳೆ. ಅವನ ಪಕ್ಕದಲ್ಲಿ ಕೂತು, "ಇವತ್ತೊಂದಿನ ಹಿಂಗೇ ಇರ್ತದ, ನಾಳಿ ಛಲೋ ಆಗ್ತದ, ಅಂಜಬ್ಯಾಡ" ಎಂದು ಹೇಳುತ್ತಿದ್ದಳು. ಪುಸ್ತಕದಲ್ಲಿ ಮುಂದಿನ ತಾರೀಖು ಬರೆಸಿಕೊಂಡು ಬಂದು, ರೇಷನ್ ಕಾರ್ಡಿನ ಜೊತೆ ಇಟ್ಟಿದ್ದೇನೆ.